ತೊದಲಿಗಿಂತ ಅದನ್ನು ಮುಚ್ಚಿಡುವುದೇ ಜಾಸ್ತಿ ದಣಿಸುತ್ತದೆ

ಪ್ರಶ್ನೆ: ನನಗೆ 26 ವರ್ಷ. ಶಿವಮೊಗ್ಗ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಚಿಕ್ಕಂದಿನಿಂದಲೂ ತೊದಲುತ್ತೇನೆ. ನನ್ನ ಹೆಸರು ‘ಪ’ ಅಕ್ಷರದಿಂದ ಶುರುವಾಗುತ್ತದೆ, ಅದನ್ನೇ ಹೇಳಲು ಆಗುವುದಿಲ್ಲ. ಆಫೀಸಿನಲ್ಲಿ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ. ಬೇರೆ ಯಾರಾದರೂ ಎತ್ತಲಿ ಎಂದು ಎದ್ದು ಹೋಗಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಶಿಬಿರಕ್ಕೆ ಹೋಗಿದ್ದೆ. ಪೂರ್ತಿ ಗುಣ ಮಾಡುತ್ತೇವೆ ಎಂದಿದ್ದರು. ಸ್ವಲ್ಪ ಕಾಲ ಚೆನ್ನಾಗಿತ್ತು, ಆಮೇಲೆ ಮತ್ತೆ ಮೊದಲಿನ ಹಾಗೇ ಆಯಿತು. “ನೀನೇ ಅಭ್ಯಾಸ ಬಿಟ್ಟೆ” ಎಂದರು. ಈಗ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. “ಅವರು ಬಂದಾಗ ಜಾಸ್ತಿ ಮಾತಾಡಬೇಡ, ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ” ಎನ್ನುತ್ತಾರೆ ಅಮ್ಮ. ರಾತ್ರಿ ನಿದ್ದೆ ಬರುತ್ತಿಲ್ಲ. ಇದು ನನ್ನ ತಪ್ಪಾ? ಮುಂದೆ ಮಕ್ಕಳಿಗೂ ಬರುತ್ತದಾ? ನಾನು ಏನು ಮಾಡಲಿ?

ಉತ್ತರ: ಇದು ನಿಮ್ಮ ತಪ್ಪಲ್ಲ. ನಿಮ್ಮ ಅಮ್ಮನ ತಪ್ಪೂ ಅಲ್ಲ. ಉಳಿದ ಮಾತು ಆಮೇಲೆ. ಇದೊಂದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ನೀವೇ ಒಂದು ವಿಷಯ ಗಮನಿಸಿರುತ್ತೀರಿ. ಒಬ್ಬರೇ ಇದ್ದಾಗ ಮಾತಾಡಿದರೆ ತೊದಲು ಬರುವುದೇ ಅಪರೂಪ. ಹಾಡು ಹೇಳಿದರೆ ಬರುವುದಿಲ್ಲ. ಭಜನೆಯಲ್ಲಿ ಎಲ್ಲರ ಜೊತೆ ದನಿಗೂಡಿಸಿದರೂ ಬರುವುದಿಲ್ಲ. ಅದೇ ನಾಲಿಗೆ, ಅದೇ ತುಟಿ, ಅದೇ ‘ಪ’. ಅಂದರೆ ನಾಲಿಗೆಯಲ್ಲಿ ಯಾವ ದೋಷವೂ ಇಲ್ಲ. ಮಾತಾಡುವಾಗ ಉಸಿರು, ಗಂಟಲು, ನಾಲಿಗೆ, ತುಟಿ ಎಲ್ಲವೂ ಕ್ಷಣದ ಲೆಕ್ಕದಲ್ಲಿ ಒಂದಕ್ಕೊಂದು ಹೊಂದಿಕೊಂಡು ಓಡಬೇಕು. ಈ ಹೊಂದಾಣಿಕೆ ನೋಡಿಕೊಳ್ಳುವ ಮೆದುಳಿನ ಭಾಗಗಳ ನಡುವಿನ ಜೋಡಣೆ ತೊದಲುವವರಲ್ಲಿ ಸ್ವಲ್ಪ ಬೇರೆ ಥರ ಇರುತ್ತದೆ ಎಂದು ಮೆದುಳಿನ ಸ್ಕ್ಯಾನ್‌ಗಳು ತೋರಿಸಿವೆ. ವಂಶವಾಹಿಯ ಪಾಲೂ ಇದೆ. 2010ರಲ್ಲಿ ಪಾಕಿಸ್ತಾನದ ಒಂದು ದೊಡ್ಡ ಕುಟುಂಬದ ಅಧ್ಯಯನದಿಂದ ಶುರುವಾಗಿ, ತೊದಲಿಗೆ ಸಂಬಂಧಪಟ್ಟ ಮೂರು ಜೀನ್‌ಗಳು ಗೊತ್ತಾದವು. ಹೆದರಿಕೆಯಿಂದ ತೊದಲು ಹುಟ್ಟುವುದಿಲ್ಲ. ತೊದಲು ಇದ್ದವರಿಗೆ ಹೆದರಿಕೆ ಬರುತ್ತದೆ, ಆ ಹೆದರಿಕೆ ತೊದಲನ್ನು ಜಾಸ್ತಿ ಮಾಡುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವೇ ಇಲ್ಲ.

ಚಿಕ್ಕಂದಿನಲ್ಲಿ ನಿಮಗೂ ಬಜೆ ತೇಯ್ದು ನಾಲಿಗೆಗೆ ಹಚ್ಚಿರಬಹುದು, ದೇವರಿಗೆ ಹರಕೆ ಹೊತ್ತಿರಬಹುದು. ಅದರ ಹಿಂದೆ ಪ್ರೀತಿ ಇತ್ತು, ಅದಕ್ಕೆ ಬೇಸರ ಬೇಡ. ಆದರೆ ಯಾರಾದರೂ ‘ನಾಲಿಗೆ ಕೆಳಗಿನ ನರ ಕತ್ತರಿಸಿದರೆ ಸರಿಹೋಗುತ್ತೆ’ ಅಂದರೆ ಒಪ್ಪಬೇಡಿ. ತೊದಲಿಗೂ ಅದಕ್ಕೂ ಸಂಬಂಧ ಇಲ್ಲ.

ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರು ತೊದಲುತ್ತಾರೆ. ಹಾಗೆ ನೋಡಿದರೆ ಆರು ಕೋಟಿ ದಾಟಿದ ಕರ್ನಾಟಕದಲ್ಲೇ ಲಕ್ಷಗಟ್ಟಲೆ ಜನ ಇದ್ದಾರೆ. ಆದರೆ ಅವರಲ್ಲಿ ಸುಮಾರು ನಾಲ್ವರು ಗಂಡಸರಿಗೆ ಒಬ್ಬ ಹೆಂಗಸು. ನಿಮ್ಮ ಹಾಗೆ ತೊದಲುವ ಇನ್ನೊಬ್ಬ ಹೆಣ್ಣುಮಗಳನ್ನು ನೀವು ನೋಡೇ ಇಲ್ಲದಿರಬಹುದು. ನಿಮ್ಮ ಪತ್ರದಲ್ಲಿ ಕಾಣುವ ಒಂಟಿತನಕ್ಕೆ ಇದೂ ಒಂದು ಕಾರಣ.

ಶಿಬಿರದ ವಿಷಯ. “ನೀನೇ ಅಭ್ಯಾಸ ಬಿಟ್ಟೆ” ಎಂದರಲ್ಲ, ಆ ಮಾತು ನನಗೆ ನಿಜವಾಗಿ ಸಿಟ್ಟು ತರಿಸಿತು. ಶಿಬಿರಗಳಲ್ಲಿ ಸಾಮಾನ್ಯವಾಗಿ ಎಳೆದು ಎಳೆದು, ತುಂಬಾ ನಿಧಾನವಾಗಿ ಮಾತಾಡಿಸುತ್ತಾರೆ. ಹಾಗೆ ಮಾತಾಡಿದರೆ ಹೆಚ್ಚುಕಡಿಮೆ ಎಲ್ಲರಿಗೂ ತೊದಲು ಕಡಿಮೆಯಾಗುತ್ತದೆ. ಅದು ಸುಳ್ಳಲ್ಲ. ಆದರೆ ದಿನವಿಡೀ ಪ್ರತಿ ಅಕ್ಷರದ ಮೇಲೂ ಗಮನ ಇಟ್ಟುಕೊಂಡು ಬದುಕಲು ಯಾರಿಂದ ಆಗುತ್ತದೆ? ಗ್ರಾಹಕರು ಸಾಲಾಗಿ ನಿಂತಿದ್ದಾರೆ, ಕಂಪ್ಯೂಟರ್ ಕೈಕೊಟ್ಟಿದೆ, ಮ್ಯಾನೇಜರ್ ಕೂಗುತ್ತಿದ್ದಾರೆ, ಆಗ ಆ ಮಾತಿನ ಶೈಲಿ ಉಳಿಯುವುದಿಲ್ಲ. ಚಿಕಿತ್ಸೆ ಆದ ಮೇಲೆ ತೊದಲು ಮತ್ತೆ ಬರುವುದು ಮಾತಿನ ಚಿಕಿತ್ಸೆ ಕೊಡುವ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದನ್ನು ಮೊದಲೇ ಹೇಳದೆ, ಬಂದ ಮೇಲೆ ನಿಮ್ಮ ತಲೆಗೆ ಕಟ್ಟಿದ್ದು ಅನ್ಯಾಯ. ದೊಡ್ಡವರಲ್ಲಿ ತೊದಲನ್ನು ಪೂರ್ತಿ ಹೋಗಿಸುವ ಖಾತರಿ ಯಾರೂ ಕೊಡಲಾರರು. ಅದಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆಯೂ ಇಲ್ಲ. ಖಾತರಿ ಕೊಡುವವರಿಂದ ದೂರ ಇರಿ.

ಹಾಗಾದರೆ ಇಷ್ಟೇನಾ, ಇನ್ನು ದಾರಿ ಇಲ್ಲವಾ ಅಂತ ಕೇಳುತ್ತೀರಿ. ಇದೆ. ಆದರೆ ಅದು ನೀವು ಹುಡುಕುತ್ತಿರುವ ಕಡೆ ಇಲ್ಲ.

ಜೋಸೆಫ್ ಶೀಹನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದ್ದರು. ಅವರೂ ತೊದಲುತ್ತಿದ್ದವರೇ. ತೊದಲು ಎಂದರೆ ನೀರಿನಲ್ಲಿ ತೇಲುವ ಹಿಮಗಡ್ಡೆ ಇದ್ದಹಾಗೆ ಎಂದು ಅವರು ಹೇಳುತ್ತಿದ್ದರು. ಹೊರಗೆ ಕೇಳಿಸುವ ‘ಪ-ಪ-ಪ’ ಅದರ ತುದಿ ಮಾತ್ರ. ನೀರಿನ ಕೆಳಗೆ ನಾಚಿಕೆ, ಭಯ, ತಪ್ಪಿತಸ್ಥ ಭಾವ, ಮುಚ್ಚಿಡುವ ನೂರು ಉಪಾಯ ಇರುತ್ತವೆ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ತೊದಲಿನ ಬಗ್ಗೆ ಒಂದೆರಡು ಸಾಲು ಅಷ್ಟೇ. ಉಳಿದದ್ದೆಲ್ಲ ತಪ್ಪಿಸಿಕೊಳ್ಳುವುದರ ಬಗ್ಗೆ.

ಈ ತಪ್ಪಿಸಿಕೊಳ್ಳುವಿಕೆ ಎಷ್ಟು ದೂರ ಹೋಗುತ್ತದೆ ಗೊತ್ತಾ? ಹೋಟೆಲಿಗೆ ಹೋಗಿರುತ್ತಾರೆ, ತಿನ್ನಬೇಕು ಅನಿಸಿದ್ದು ಮಸಾಲೆ ದೋಸೆ. ಸಪ್ಲೈಯರ್ ಬಂದು ಎದುರು ನಿಂತ ಕೂಡಲೇ ‘ಮ’ ಸಿಕ್ಕಿಹಾಕಿಕೊಳ್ಳುತ್ತೆ ಅನಿಸುತ್ತದೆ. “ಎರಡು ಇಡ್ಲಿ” ಎಂದುಬಿಡುತ್ತಾರೆ. ಬಸ್ಸಿನಲ್ಲಿ ಇಳಿಯಬೇಕಾದ ಊರಿನ ಹೆಸರು ಬರುವುದಿಲ್ಲ ಅಂತ ಮುಂದಿನ ಊರಿಗೆ ಟಿಕೆಟ್ ತೆಗೆದುಕೊಳ್ಳುತ್ತಾರೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ “ಗೊತ್ತಿಲ್ಲ ಸರ್” ಎಂದು ನಿಂತುಕೊಂಡೇ ಇರುತ್ತಾರೆ. ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ. “ನಿನಗೆ ಅಷ್ಟೇನೂ ಜಾಸ್ತಿ ಇಲ್ಲ ಬಿಡು” ಎನ್ನುತ್ತಾರೆ. ಒಳಗೆ ಮಾತ್ರ ಇಡೀ ದಿನ ಮುಂದಿನ ಪದವನ್ನು ಕಾಯುವ ಕೆಲಸ ನಡೆದೇ ಇರುತ್ತದೆ. ಸಂಜೆ ಹೊತ್ತಿಗೆ ಮೈಮುರಿದ ಹಾಗೆ ಸುಸ್ತಾಗುತ್ತದಲ್ಲ, ಅದು ಈ ಕಾವಲಿನ ಸುಸ್ತು. ರಾತ್ರಿ ನಿದ್ದೆ ಬಾರದಿರುವುದಕ್ಕೂ ಇದರ ನಂಟಿದೆ. ಹಗಲು ಆಡಿದ ಮಾತನ್ನು, ಎದುರಿನವರ ಮುಖವನ್ನು ಮತ್ತೆ ಮತ್ತೆ ನೆನೆಯುವುದು, ನಾಳೆಯ ಮಾತಿಗೆ ಈಗಲೇ ಹೆದರುವುದು.

ಇನ್ನೊಂದು ತೊಂದರೆಯೂ ಇದೆ. ತಪ್ಪಿಸಿಕೊಂಡಾಗ ತಕ್ಷಣಕ್ಕೆ ‘ಅಬ್ಬಾ, ಉಳಿದೆ’ ಅನಿಸುತ್ತದೆ. ಆ ನಿರಾಳವೇ ಮುಂದಿನ ಸಲ ಭಯವನ್ನು ದೊಡ್ಡದು ಮಾಡುತ್ತದೆ. ಫೋನ್ ಎತ್ತಿ ತೊದಲಿದ್ದರೆ ಆ ಕಡೆಯವರು ಏನು ಮಾಡುತ್ತಿದ್ದರು ಅನ್ನುವುದು ನಿಮಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ನಿಮ್ಮ ವಿಷಯದಲ್ಲಿ ನನ್ನ ಸಲಹೆ, ಮೊದಲು ತೊದಲಿಗೆ ಕೈಹಾಕಬೇಡಿ. ಮುಚ್ಚಿಡುವುದಕ್ಕೆ ಕೈಹಾಕಿ.

ಹೇಗೆ? ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಹೆದರಿಕೆ ತೀರಾ ಕಡಿಮೆ ಇರುವ ಒಂದು ಸಂದರ್ಭ ಆರಿಸಿ. ಉದಾಹರಣೆಗೆ, ಗೊತ್ತಿಲ್ಲದ ಮೆಡಿಕಲ್ ಶಾಪಿನಲ್ಲಿ ಒಂದು ಪೇಸ್ಟ್ ಕೇಳುವುದು. ಹೋಗುವ ಮುಂಚೆ ಬರೆಯಿರಿ: ‘ನಾನು ಪೇಸ್ಟ್ ಅನ್ನುವಾಗ ಸಿಕ್ಕಿಹಾಕಿಕೊಳ್ಳುತ್ತೇನೆ, ಅಂಗಡಿಯವನು ನಗುತ್ತಾನೆ.’ ಹೋಗಿ ಬಂದ ಮೇಲೆ ನಿಜವಾಗಿ ಏನಾಯಿತು ಅಂತ ಪಕ್ಕದಲ್ಲೇ ಬರೆಯಿರಿ. ಹೆಚ್ಚಿನ ಸಲ ಅವನು ಸುಮ್ನೆ ಪೇಸ್ಟ್ ಕೊಟ್ಟಿರುತ್ತಾನೆ. ಕೆಲವು ಸಲ ಯಾರೋ ನಗುತ್ತಾರೆ, ಅದೂ ನಿಜ. ನಕ್ಕರೂ ಬರೆಯಿರಿ, ಆಮೇಲೆ ಎಷ್ಟು ಹೊತ್ತು ನೋವಾಯಿತು ಅಂತಲೂ ಬರೆಯಿರಿ. ಕೆಲವು ವಾರ ಬರೆದ ಮೇಲೆ ಎರಡೂ ಕಡೆಯ ಸಾಲುಗಳನ್ನು ಒಟ್ಟಿಗೆ ಓದಿ. ಮನಸ್ಸು ಹೇಳಿದ ಭವಿಷ್ಯಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ನಾನು ಹೇಳುವುದಕ್ಕಿಂತ ನಿಮ್ಮ ಕೈಬರಹವೇ ಚೆನ್ನಾಗಿ ಹೇಳುತ್ತದೆ. ಇದು ಸಲೀಸಾದ ಮೇಲೆ ಇನ್ನೊಂದು ಮೆಟ್ಟಿಲು. ಬಸ್ಸಿನಲ್ಲಿ ಟಿಕೆಟ್, ಹೋಟೆಲಿನಲ್ಲಿ ಬೇಕಾದ ತಿಂಡಿಯನ್ನೇ ಕೇಳುವುದು, ಯಾವುದಾದರೂ ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದು. ಪದ ಬದಲಿಸಬೇಡಿ ಅನ್ನುವುದೊಂದೇ ನಿಯಮ. ತೊದಲಿದರೆ ತೊದಲಲಿ.

‘ಪ’ ಅಕ್ಷರದ ಬಗ್ಗೆ ಒಂದು ಪ್ರಯೋಗ ಹೇಳುತ್ತೇನೆ. ಕನ್ನಡಿ ಮುಂದೆ ಕೂತು ನಿಮ್ಮ ಹೆಸರು ಸಿಕ್ಕಿಹಾಕಿಕೊಂಡಾಗ ಮಾಡುವ ಹಾಗೇ ಬೇಕಂತಲೇ ಮಾಡಿ. ತುಟಿಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿರುತ್ತವೆ, ಉಸಿರು ಹಿಂದೆ ಕಟ್ಟಿಕೊಂಡಿರುತ್ತದೆ, ಕುತ್ತಿಗೆಯ ನರ ಉಬ್ಬಿರುತ್ತದೆ. ಹಾಗೇ ಒಂದೆರಡು ಕ್ಷಣ ಇರಿ. ಈಗ ಪದವನ್ನು ತಳ್ಳಬೇಡಿ. ಬಿಗಿಯನ್ನು ಮಾತ್ರ ನಿಧಾನಕ್ಕೆ ಸಡಿಲಿಸಿ, ತುಟಿಗಳು ಬರೀ ತಾಗಿಕೊಂಡಿವೆ ಅನ್ನುವಷ್ಟು. ಅಲ್ಲಿಂದ ಗಾಳಿ ಮೆಲ್ಲಗೆ ಹೊರಗೆ ಬರಲಿ, ಅದರ ಜೊತೆ ‘ಪ’ ಬರಲಿ. ಅಂಗೈಯನ್ನು ಬಾಯಿ ಮುಂದೆ ಹಿಡಿದರೆ ಎರಡರ ವ್ಯತ್ಯಾಸ ಗಾಳಿಯಲ್ಲೇ ಗೊತ್ತಾಗುತ್ತದೆ. ಚಾರ್ಲ್ಸ್ ವಾನ್ ರೈಪರ್ ಎಂಬ ಹೆಸರಾಂತ ವಾಕ್ ಚಿಕಿತ್ಸಕರು, ಅವರೂ ತೊದಲುತ್ತಿದ್ದವರು, ಕಲಿಸಿದ್ದು ಇದನ್ನೇ: ತೊದಲದೆ ಮಾತಾಡುವುದನ್ನಲ್ಲ, ಒದ್ದಾಡದೆ ತೊದಲುವುದನ್ನು. ಬೇಕಂತಲೇ ತೊದಲುವ ಅಭ್ಯಾಸವನ್ನೂ ಅವರು ಮಾಡಿಸುತ್ತಿದ್ದರು. ಕೇಳಲು ವಿಚಿತ್ರ, ಅಲ್ವಾ? ಆದರೆ ವರ್ಷಗಟ್ಟಲೆ ಯಾವುದಕ್ಕೆ ಹೆದರಿದಿರೋ ಅದನ್ನು ನೀವೇ ನಿಮ್ಮ ಇಷ್ಟದಿಂದ ಮಾಡಿದಾಗ ಅದರ ಹಿಡಿತ ಸಡಿಲವಾಗುತ್ತದೆ. ಇದನ್ನು ಚಿಕಿತ್ಸಕರ ಜೊತೆ ಶುರು ಮಾಡುವುದು ಒಳ್ಳೆಯದು.

ಆಫೀಸಿನ ಫೋನಿಗೆ ಬರೋಣ. ಮೊದಲು ಜೊತೆಯಲ್ಲಿ ಕೆಲಸ ಮಾಡುವ, ನಿಮಗೆ ನಂಬಿಕೆ ಇರುವ ಒಬ್ಬರಿಗೆ ಬಾಯಿಬಿಟ್ಟು ಹೇಳಿ. “ನಾನು ತೊದಲುತ್ತೇನೆ, ಫೋನ್ ನನಗೆ ಕಷ್ಟ. ಆದರೂ ದಿನಕ್ಕೆ ಒಂದೆರಡು ನಾನೇ ಎತ್ತುತ್ತೇನೆ. ನಡುವೆ ನಿಂತರೆ ಪದ ತುಂಬಿಸಬೇಡಿ, ಕಾಯಿರಿ.” ಅಷ್ಟು ಸಾಕು. ಫೋನಿನಲ್ಲಿ ಆ ಕಡೆಯವರಿಗೆ ನಿಮ್ಮ ಮುಖ ಕಾಣುವುದಿಲ್ಲ, ಮಾತು ನಿಂತರೆ ಲೈನ್ ಕಟ್ಟಾಯಿತು ಅಂದುಕೊಂಡು “ಹಲೋ, ಹಲೋ” ಅನ್ನುತ್ತಾರೆ. ಅದು ಅವಮಾನವಲ್ಲ, ಅವರಿಗೆ ಗೊತ್ತಾಗಿಲ್ಲ ಅಷ್ಟೆ. ಅದಕ್ಕೇ ಮೊದಲ ಮಾತಿನಲ್ಲೇ “ಒಂದು ನಿಮಿಷ, ನನಗೆ ಮಾತು ತಡೆಯುತ್ತೆ, ಹೇಳ್ತೀನಿ” ಎಂದುಬಿಡಿ. ಈ ಒಂದು ಸಾಲು ಹೇಳಿದ ಮೇಲೆ ಮುಚ್ಚಿಡಲು ಏನೂ ಉಳಿದಿರುವುದಿಲ್ಲ. ಎಷ್ಟೋ ಜನರಿಗೆ ಆಮೇಲಿನ ಮಾತು ಸಲೀಸಾಗಿ ಬರುವುದು ಇದೇ ಕಾರಣಕ್ಕೆ.

ನೆಂಟರು ಯಾರಾದರೂ “ಇಂಗ್ಲೆಂಡಿನ ರಾಜನೇ ತೊದಲು ಗೆದ್ದ, ನೀನ್ಯಾಕೆ ಆಗಲ್ಲ” ಎಂದಿರಬಹುದು. ಆರನೇ ಜಾರ್ಜ್ ವಿಷಯ ಅದು. ಅವರು 1926ರಲ್ಲಿ ಲಿಯೋನೆಲ್ ಲೋಗ್ ಬಳಿ ಚಿಕಿತ್ಸೆಗೆ ಹೋದರು. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಎರಡನೇ ಮಹಾಯುದ್ಧಕ್ಕೆ ಇಳಿದ ದಿನ ರೇಡಿಯೋದಲ್ಲಿ ದೇಶದ ಜನರ ಜೊತೆ ಮಾತಾಡುವಾಗಲೂ ಲೋಗ್ ಅದೇ ಕೋಣೆಯಲ್ಲಿ ಪಕ್ಕದಲ್ಲೇ ನಿಂತಿದ್ದರು. ಅಂದರೆ ಹದಿಮೂರು ವರ್ಷದ ನಂತರವೂ ರಾಜರಿಗೆ ಒಬ್ಬರ ಆಸರೆ ಬೇಕಿತ್ತು. ಅವರು ತೊದಲನ್ನು ಅಳಿಸಿಹಾಕಲಿಲ್ಲ, ಅದನ್ನು ಇಟ್ಟುಕೊಂಡೇ ಮಾತಾಡಿದರು. ನೆಂಟರಿಗೆ ಇದನ್ನು ಹೇಳಿ.

ಈಗ ಅಮ್ಮನ ಮಾತು. ಅವರಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಮಗಳಿಗೆ ನೋವಾಗಬಾರದು, ಸಂಬಂಧ ತಪ್ಪಿಹೋಗಬಾರದು ಅನ್ನುವ ಆತಂಕ. ಆದರೆ “ಜಾಸ್ತಿ ಮಾತಾಡಬೇಡ” ಅನ್ನುವುದು ಮಕ್ಕಳಿಗೆ ಹೇಗೆ ಕೇಳಿಸುತ್ತದೆ ಅನ್ನುವುದಕ್ಕೆ ನಮ್ಮ ಕ್ಷೇತ್ರದಲ್ಲೇ ಒಂದು ಕಹಿ ಉದಾಹರಣೆ ಇದೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಒಂದು ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಸರಿಯಾಗಿಯೇ ಮಾತಾಡುತ್ತಿದ್ದ ಕೆಲವು ಮಕ್ಕಳಿಗೂ ‘ನೀನು ತೊದಲುತ್ತೀಯ, ಸರಿಯಾಗಿ ಹೇಳಲು ಬಂದರೆ ಮಾತ್ರ ಮಾತಾಡು’ ಎಂದು ಹೇಳುತ್ತಾ ಬಂದರು. ಆ ಮಕ್ಕಳಿಗೆ ತೊದಲು ಅಂಟಿಕೊಂಡಿತು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಆದರೆ ಅವರು ಮಾತಾಡುವುದನ್ನು ಕಡಿಮೆ ಮಾಡಿದರು, ಮುದುಡಿಕೊಂಡರು, ನಾಚಿಕೆಪಟ್ಟರು. ವಿಶ್ವವಿದ್ಯಾಲಯ ಇದಕ್ಕೆ ಕ್ಷಮೆ ಕೇಳಿದ್ದು 2001ರಲ್ಲಿ. ನಾಚಿಕೆ ಹುಟ್ಟಿಸಲು ತೊದಲು ಬೇಕೇ ಬೇಕು ಅಂತಿಲ್ಲ, ಸುತ್ತಲಿನವರ ಮಾತೇ ಸಾಕು. ಅಮ್ಮನಿಗೆ ಈ ಉತ್ತರವನ್ನು ಓದಲು ಕೊಡಿ. ಜಗಳ ಬೇಡ. “ಅಮ್ಮಾ, ನಾನು ತೊದಲಿದರೆ ನೀನು ನೆಲ ನೋಡಬೇಡ, ನನ್ನ ಮುಖ ನೋಡು. ನಾನು ಮುಗಿಸುವ ತನಕ ಕಾಯಿ” ಅಂತ ಕೇಳಿ. ಏನು ಮಾಡಬೇಕು ಅಂತ ಗೊತ್ತಾದರೆ ಹೆಚ್ಚಿನ ತಾಯಂದಿರು ಅದನ್ನು ಮಾಡುತ್ತಾರೆ.

ಮದುವೆ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ನಿಶ್ಚಿತಾರ್ಥಕ್ಕೆ ಮುಂಚೆ, ಹುಡುಗನಿಗೆ ನೀವೇ ಹೇಳಿ. ದಲ್ಲಾಳಿಯೋ ದೊಡ್ಡಪ್ಪನೋ ‘ಸ್ವಲ್ಪ ಮಾತು ತಡೆಯುತ್ತೆ ಅಷ್ಟೆ’ ಎಂದು ದನಿ ತಗ್ಗಿಸಿ ಹೇಳುವುದು ಬೇಡ. ಅವರ ಬಾಯಲ್ಲಿ ಅದು ಕುಂದು ಆಗಿಬಿಡುತ್ತದೆ, ನಿಮ್ಮ ಬಾಯಲ್ಲಿ ಅದು ಒಂದು ವಿಷಯ ಅಷ್ಟೆ. “ನಾನು ಚಿಕ್ಕಂದಿನಿಂದ ತೊದಲುತ್ತೇನೆ. ಸುಸ್ತಾದಾಗ, ಹೊಸಬರ ಮುಂದೆ ಜಾಸ್ತಿ. ನೀವು ಅವಸರ ಮಾಡದೆ ಕೇಳಿದರೆ ಸಾಕು.” ಇದನ್ನು ತೊದಲುತ್ತಲೇ ಹೇಳಿ. ಅವನು ಏನು ಹೇಳುತ್ತಾನೆ ಅನ್ನುವುದಕ್ಕಿಂತ ನೀವು ಹೇಳುವಾಗ ಹೇಗೆ ಕೂತಿದ್ದ, ಕಣ್ಣು ಎಲ್ಲಿತ್ತು, ಕಾದನಾ ಇಲ್ಲವಾ ಅಂತ ನೋಡಿ. ಮುಚ್ಚಿಟ್ಟು ಮದುವೆಯಾದರೆ ಗಂಡನ ಮನೆಯಲ್ಲಿ ಪ್ರತಿ ದಿನವೂ ಹೆಣ್ಣು ನೋಡುವ ಶಾಸ್ತ್ರದ ದಿನವೇ ಆಗುತ್ತದೆ. ಅದನ್ನು ಎಷ್ಟು ವರ್ಷ ಹೊರುತ್ತೀರಿ? ಕೆಲವರು ಬೇಡ ಎನ್ನಬಹುದು. ಅದು ಚುಚ್ಚುತ್ತದೆ, ಚುಚ್ಚುವುದಿಲ್ಲ ಅಂತ ನಾನು ಹೇಳುವುದಿಲ್ಲ. ಅತ್ತುಬಿಡಿ, ಗೆಳತಿಗೆ ಹೇಳಿಕೊಳ್ಳಿ. ಆದರೆ ಮುಂದಿನ ಸಲ ಮುಚ್ಚಿಡೋಣ ಎಂಬ ತೀರ್ಮಾನಕ್ಕೆ ಮಾತ್ರ ಬರಬೇಡಿ.

ಮಕ್ಕಳಿಗೆ ಬರುತ್ತದಾ ಎಂದು ಕೇಳಿದ್ದೀರಿ. ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ, ಆದರೆ ಬಂದೇ ಬರುತ್ತದೆ ಅಂತ ಇಲ್ಲ. ಸಾಮಾನ್ಯವಾಗಿ ತೊದಲು ಕಾಣಿಸಿಕೊಳ್ಳುವುದು ಎರಡರಿಂದ ಐದು ವರ್ಷದೊಳಗೆ. ಹಾಗೆ ಶುರುವಾದ ಮಕ್ಕಳಲ್ಲಿ ಹೆಚ್ಚಿನವರು, ಸುಮಾರು ನಾಲ್ಕರಲ್ಲಿ ಮೂವರು, ಅದರಿಂದ ಹೊರಗೆ ಬರುತ್ತಾರೆ. ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಜಾಸ್ತಿ. ಆರು ತಿಂಗಳು ದಾಟಿದರೂ ಹೋಗದಿದ್ದರೆ, ಅಥವಾ ಮಗು ಮಾತಾಡುವಾಗ ಕಣ್ಣು ಮುಚ್ಚಿ ಒದ್ದಾಡಿದರೆ, ಕಾಯದೆ ವಾಕ್ ಚಿಕಿತ್ಸಕರಿಗೆ ತೋರಿಸಬೇಕು. ನಿಮ್ಮ ಮನೆಯಲ್ಲಿ ತೊದಲು ಇರುವುದರಿಂದ ಅಷ್ಟು ಕೂಡ ಕಾಯಬೇಡಿ. ಚಿಕ್ಕ ಮಕ್ಕಳಿಗೆ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್ಕೂಂಬ್ ಎಂಬ ಒಳ್ಳೆಯ ಪದ್ಧತಿ ಇದೆ, ಅಪ್ಪ ಅಮ್ಮನೇ ಮನೆಯಲ್ಲಿ ದಿನಾ ಮಾಡಿಸುವಂಥದ್ದು. ನಿಮಗೆ ನಾಲ್ಕು ವರ್ಷವಿದ್ದಾಗ ಸಿಗದಿದ್ದ ತಿಳಿವಳಿಕೆ ನಿಮ್ಮ ಮಗುವಿಗೆ ತಾಯಿಯಿಂದಲೇ ಸಿಗುತ್ತದೆ. ಈ ಭಯಕ್ಕೆ ಮದುವೆಯನ್ನಾಗಲಿ ಮಕ್ಕಳನ್ನಾಗಲಿ ಬಿಡುವ ಅಗತ್ಯ ಖಂಡಿತ ಇಲ್ಲ.

ನಿದ್ದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ, ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಫೋನೇ ಕಷ್ಟ ಅನ್ನುವ ನಿಮಗೆ ಫೋನ್ ನಂಬರ್ ಕೊಡುತ್ತಿದ್ದೇನೆ ಅಂತ ಗೊತ್ತು. ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ನೇರವಾಗಿ ಹೋಗಿ, ಬೇಕಾದರೆ ನನಗೆ ಬರೆದ ಈ ಪತ್ರವನ್ನೇ ಅವರ ಕೈಗೆ ಕೊಡಿ.

ತೊದಲಿಗೆ ಚಿಕಿತ್ಸೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಾಕ್ ಚಿಕಿತ್ಸೆಯ ವಿಭಾಗ ಇದೆ. ಹತ್ತಿರದಲ್ಲಿ ಖಾಸಗಿ ಚಿಕಿತ್ಸಕರ ಬಳಿ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಎಂದು ಕೇಳಿ, ಕೇಳಲು ಸಂಕೋಚ ಬೇಡ. ತೊದಲುವವರೇ ಸೇರಿ ಕಟ್ಟಿಕೊಂಡ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಎಂಬ ಸಂಘವೂ ಇದೆ. ನಿಮ್ಮ ಹಾಗೇ ತೊದಲುವವರ ನಡುವೆ ಕೂತು ಮಾತಾಡುವ ಅನುಭವವನ್ನು ಯಾವ ಚಿಕಿತ್ಸಕರೂ ಕೊಡಲಾರರು, ನಾನೂ ಸೇರಿ. ಮೊದಲ ದಿನ ಚಿಕಿತ್ಸಕರ ಬಳಿ ಹೋದಾಗ ‘ಎಷ್ಟು ದಿನದಲ್ಲಿ ತೊದಲು ಹೋಗುತ್ತದೆ’ ಅಂತ ಕೇಳುವ ಬದಲು ‘ಫೋನ್ ಎತ್ತುವ ಭಯಕ್ಕೆ ಏನು ಮಾಡಿಸುತ್ತೀರಿ, ಮತ್ತೆ ಜಾಸ್ತಿಯಾದರೆ ವಾಪಸ್ ಬರಬಹುದಾ’ ಅಂತ ಕೇಳಿ. ಈ ಎರಡಕ್ಕೂ ಅವಸರವಿಲ್ಲದೆ ಉತ್ತರ ಕೊಡುವವರು ಸಿಕ್ಕರೆ ಅಲ್ಲೇ ಮುಂದುವರಿಯಿರಿ.